ಹಿನ್ನೀರಿನಿಂದ ಊಟಕ್ಕೆ ಕರೆದದ್ದು

ಡೇರೆಗೆ ಗೂಟ ಹೊಡೆಯುವಾಗ ಮೊದಲು ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೋಡಬೇಕು. ಬಾಗಿಲು ಅದಕ್ಕೆ ಬೆನ್ನು ಮಾಡಿರಬೇಕು. ಸುತ್ತ ಗೇಣು ಆಳದ ಚರಂಡಿ ತೋಡಬೇಕು, ಮೋಡವಿರಲಿ ಬಿಡಲಿ. ಗೈಡ್ಸ್ ಹುಡುಗಿಯರಿಗೆ ವರ್ಷಗಟ್ಟಲೆ ಇದನ್ನೇ ಕಲಿಸಿದವಳು ನಾನು. ಗೋಪಿನಾಥಂನ ಹಿನ್ನೀರಿನ ದಂಡೆಯಲ್ಲಿ ಒಬ್ಬಳೇ ಡೇರೆ ಹಾಕಿದಾಗಲೂ ಒಂದನ್ನೂ ಬಿಡದೆ ಮಾಡಿದೆ.

ನಿಜಕ್ಕೂ ನನಗೆ ಆಸೆಯಿದ್ದದ್ದು ಕಡಲ ಕಡೆಗೆ ಹೋಗಬೇಕೆಂದು. ಹೊಳೆ ಸಮುದ್ರ ಸೇರುವಲ್ಲಿ, ಕೆಸರು ನೆಲದ ಹಕ್ಕಿಗಳ ನಡುವೆ ಒಮ್ಮೆ ಶಿಬಿರ ಮಾಡಿದ್ದೆವು. ಆದರೆ ಕೊಳ್ಳೇಗಾಲದ ಮನೆಯಿಂದ ಅಷ್ಟು ದೂರ ಹೋಗುವ ಧೈರ್ಯ ಈಗ ನನಗಿಲ್ಲ. ಮನೆಯಲ್ಲಿ ಯಜಮಾನರಿದ್ದಾರೆ. ತಮ್ಮ ಅಂಗಡಿಯಲ್ಲಿ ರೇಷ್ಮೆ ಸೀರೆಯ ಅಂಚನ್ನು ಬೆರಳಲ್ಲಿ ಸವರಿ ಇದು ಯಾವ ಮಗ್ಗದ್ದೆಂದು ಹೇಳುತ್ತಿದ್ದವರು, ಈಗ ಬಚ್ಚಲಮನೆ ಎಲ್ಲಿದೆಯೆಂದು ಕೇಳುತ್ತಾರೆ. ಬೀದಿ ಮರೆತಿದ್ದಾರೆ, ಅಕ್ಷರ ಮರೆತಿದ್ದಾರೆ. ನನ್ನನ್ನು ಮಾತ್ರ ಮರೆತಿರಲಿಲ್ಲ. ನಾನು ಅದೊಂದನ್ನೇ ಹಿಡಿದುಕೊಂಡು ದಿನ ದೂಡುತ್ತಿದ್ದೆ. ಏಳುವುದು, ಸ್ನಾನ, ಮಾತ್ರೆ, ಊಟ, ಅಂಗಳದಲ್ಲಿ ನಾಲ್ಕು ಹೆಜ್ಜೆ, ಎಲ್ಲಕ್ಕೂ ಹೊತ್ತು ಗೊತ್ತು ಮಾಡಿದ್ದೆ. ಆ ಹೊತ್ತುಗಳ ಮೇಲೆ ಅವರು ಕೋಲೂರಿದಂತೆ ನಡೆಯುತ್ತಿದ್ದರು.

ನನಗೇ ತಲೆಸುತ್ತು ಬಂದು ಅಡುಗೆಮನೆಯಲ್ಲಿ ಬಿದ್ದ ಮೇಲೆ ಡಾಕ್ಟರು ಗದರಿದರು. ಯಳಂದೂರಿನಿಂದ ನಾದಿನಿ ಬಂದು, ಅಣ್ಣನನ್ನು ನಾನು ನೋಡಿಕೊಳ್ಳುತ್ತೇನೆ, ಎರಡು ದಿನ ಎಲ್ಲಾದರೂ ಹೋಗಿ ಬಾ ಎಂದು ನನ್ನ ಚೀಲ ತಾನೇ ತುಂಬಿದಳು. ಹೊರಟಾಗ ನನ್ನ ಭಯ ಒಂದೇ. ಎರಡು ದಿನ ಕಣ್ಣಿಗೆ ಬೀಳದಿದ್ದರೆ ನಾನೂ ಆ ಬೀದಿ, ಅಕ್ಷರಗಳ ಸಾಲಿಗೆ ಸೇರಿಬಿಟ್ಟರೆ?

ಹಿನ್ನೀರಿನ ಬಳಿ ಮೀನು ಹಿಡಿದು ಬದುಕುವ ಒಬ್ಬಾಕೆ, ನಾನು ಮಾರ್ಟಳ್ಳಿಯ ಶಾಲೆಯಲ್ಲಿದ್ದಾಗ ನನ್ನ ಶಿಷ್ಯೆ. ತನ್ನ ಗುಡಿಸಲ ಪಕ್ಕದಲ್ಲೇ ಜಾಗ ಕೊಟ್ಟಿದ್ದಳು. ನಾನು ಚರಂಡಿ ತೋಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಟೀಚರ್, ರಾತ್ರಿ ಆನೆ ಬಂದ್ರೆ ಏನ್ ಮಾಡೀರಿ? ಸೀಟಿ ಊದಿ ಸಾಲಾಗಿ ನಿಲ್ಲಿಸ್ಬುಡ್ತೀರಾ?"

ಊದಿದರೆ ಮೊದಲು ನೀನು ಬಂದು ನಿಲ್ಲಬೇಕು ಎಂದೆ. ನಕ್ಕಳು. ನಾನೂ ನಕ್ಕೆ, ಬಹಳ ದಿನಗಳ ಮೇಲೆ.

ಸಂಜೆ ದಿಬ್ಬ ಹತ್ತಿದೆ. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಎಲ್ಲ ಚೆನ್ನಾಗಿದೆ, ಮಲಗಿಕೊ ಎಂದಳು ನಾದಿನಿ. ಆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತೆಂದರೆ, ಎದ್ದಾಗ ಬಿಸಿಲು ಡೇರೆಯ ಬಟ್ಟೆಯನ್ನು ಕಾಯಿಸಿತ್ತು. ನೀರು ಇಳಿದ ಕೆಸರಿನಲ್ಲಿ ಕೊಕ್ಕರೆಗಳು ಒಂದೊಂದೇ ಕಾಲೆತ್ತಿ ನಡೆಯುತ್ತಿದ್ದವು. ದೂರದಲ್ಲಿ ಶಿಷ್ಯೆಯ ಗಂಡ ಹರಿಗೋಲಿನಲ್ಲಿ ಕೂತು ಬಲೆ ಎತ್ತುತ್ತಿದ್ದ. ಎಬ್ಬಿಸಬೇಕಾದವರು ಯಾರೂ ಇರಲಿಲ್ಲ. ಕಾಲು ನೀರಿಗಿಟ್ಟು ಕೂತೆ. ಸಣ್ಣ ಮೀನುಗಳು ಬೆರಳು ಮುಟ್ಟಿ ಹೋಗುತ್ತಿದ್ದವು. ಹಿತವಾಗಿತ್ತು, ಹಿತವಾಗಿದ್ದದ್ದಕ್ಕೆ ಅಳುವೂ ಬಂತು.

ಮಧ್ಯಾಹ್ನ ಮತ್ತೆ ದಿಬ್ಬ ಹತ್ತಿದಾಗ ನಾದಿನಿಯ ದನಿ ಬೇರೆಯಾಗಿತ್ತು.

"ಅತ್ಗೆ, ನಿನ್ನೆ ನಿಂಗೆ ಸುಳ್ಳೇಳ್ದೆ. ಅಣ್ಣ ನೀನು ಹೊಂಟಾಗ್ಲಿಂದ ಒಂದ್ ತುತ್ತೂ ಉಣ್ನಿಲ್ಲ. ತಟ್ಟೆ ಮುಂದೆ ಕುಂತ್ಕಂಡು ಬಾಗ್ಲು ನೋಡ್ತವ್ನೆ. ಮಾತ್ರೆ ಬಾಯ್ಗೆ ಹಾಕುದ್ರೆ ಉಗೀತವ್ನೆ."

ಊರಿಗೆ ಹೋಗುವ ಬಸ್ಸು ಆಗಲೇ ಹೊರಟುಹೋಗಿತ್ತು. ಇನ್ನು ಮರುದಿನ ಬೆಳಿಗ್ಗೆಯೇ. ಫೋನನ್ನು ಅವರ ಕಿವಿಗೆ ಹಿಡಿ ಎಂದೆ. ಉಸಿರು ಕೇಳಿಸಿತು.

"ರೀ, ನಾನು ಕಣ್ರೀ."

"ನಾನು ಅಂದ್ರೆ ಯಾರವ್ವ?" ಬಹಳ ಮರ್ಯಾದೆಯ ದನಿ. ಅಂಗಡಿಗೆ ಬಂದವರನ್ನು ಮಾತಾಡಿಸುತ್ತಿದ್ದಂಥದು. "ನಿಮ್ಗೆ ಯಾರು ಬೇಕಾಗಿತ್ತು?"

ಮದುವೆಯಾದಂದಿನಿಂದ ನಾನು ಅವರನ್ನು ರೀ ಎಂದೇ ಕರೆದವಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗಲೂ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಶಾಲೆಯಲ್ಲಿ ಅದೇ ಹೆಸರಿನ ಮಕ್ಕಳಿದ್ದರೆ ಹಾಜರಿಯಲ್ಲಿ ಇನಿಷಿಯಲ್ ಮಾತ್ರ ಕೂಗುತ್ತಿದ್ದೆ. ಈಗ ಅವರು ಯಾರು ಬೇಕೆಂದು ಕೇಳುತ್ತಿದ್ದಾರೆ. ನನ್ನ ದನಿ ಅವರಿಗೆ ಗುರುತು ಸಿಗಲಿಲ್ಲ. ರೀ ಎಂದರೆ ಅದು ತಾನೆಂದೂ ತಿಳಿಯಲಿಲ್ಲ. ದಿಬ್ಬದ ಮೇಲೆ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಅವರ ಹೆಸರು ಹೇಳಿದೆ.

"ನಾನೇ ಕಣವ್ವ. ಯೋಳಿ."

ಊಟ ಯಾಕೆ ಮಾಡಿಲ್ಲವೆಂದು ಕೇಳಿದೆ.

"ನಮ್ಮನೆಯೋಳು ಬರ್ಲಿ ಅಂತ ಕಾಯ್ತಿವ್ನಿ. ಇಲ್ಲೇ ಎಲ್ಲೋ ಓಗವ್ಳೆ. ಅವ್ಳು ಬರ್ದೆ ನಾನು ಎಂಗುಂಡೇನು?"

ನಾನು ಮರೆತುಹೋಗಿರಲಿಲ್ಲ. ಆದರೆ ಅವರು ಕಾಯುತ್ತಿದ್ದವಳು ನಾನೆಂದು ಹೇಳುವ ದಾರಿಯಿರಲಿಲ್ಲ. ಕೊಕ್ಕರೆಗಳತ್ತ ನೋಡುತ್ತ, ಬೇರೆಯವಳಾಗಿಯೇ ಮಾತಾಡಿದೆ.

"ಅವರೇ ಹೇಳಿಕಳಿಸಿದ್ದಾರೆ. ಬರೋದು ನಾಳೆಯಂತೆ. ನೀವು ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ."

"ಅವ್ಳೇ ಯೋಳುದ್ಲಾ? ಅಂಗಾರೆ ಸರಿ ಬುಡಿ. ಇಲ್ದಿದ್ರೆ ಬಂದು ಬೈತಾಳೆ."

ಅಣ್ಣ ಮುದ್ದೆ ಮುರೀತವ್ನೆ ಎಂದು ನಾದಿನಿ ಪಿಸುಗುಟ್ಟಿದಳು. ಫೋನ್ ಇಟ್ಟು ಅಲ್ಲೇ ಕಲ್ಲಿನ ಮೇಲೆ ಕೂತೆ. ಸಂಜೆ ಶಿಷ್ಯೆ ಹುರಿಗಾಳು ತಂದುಕೊಟ್ಟು ಪಕ್ಕದಲ್ಲಿ ಕೂತಳು. ಮಾತ್ರೆಯ ಹೊತ್ತಿಗೆ ಮತ್ತೆ ದಿಬ್ಬ ಹತ್ತಿದೆ. ಈ ಸಲ ರೀ ಎನ್ನಲಿಲ್ಲ, ಹೆಸರೇ ಹೇಳಿದೆ.

ಮರುದಿನ ಮನೆ ಮುಟ್ಟಿದಾಗ ಅವರು ಜಗಲಿಯ ಮೇಲಿದ್ದರು. ನನ್ನನ್ನು ಕಂಡ ಕೂಡಲೇ ಎದ್ದರು. ಎಲ್ಲಿಗೆ ಹೋಗಿದ್ದೆ, ಇಷ್ಟು ಹೊತ್ತೇ ಎಂದು ರೇಗಿದರು. ಆ ರೇಗಾಟ ಕೇಳಿಯೇ ನಾನು ಸರಸರನೆ ಜಗಲಿ ಹತ್ತಿದೆ. ಚೀಲ ಒಳಗಿಡುವಷ್ಟರಲ್ಲಿ ಹಿಂದೆಯೇ ಬಂದು ನಿಂತರು.

"ಯಾರೋ ಒಬ್ಬವ್ವ ಫೋನ್ ಮಾಡಿದ್ಲು ಕಣೆ. ನಿಂಗೆ ಗೊತ್ತಿರೋಳೇ ಇರ್ಬೇಕು. ಪಾಪ, ದನಿ ನಡುಗ್ತಿತ್ತು. ನಾನು ಉಂಡೆ ಅಂತ ಅವ್ಳಿಗೊಂದ್ ಮಾತು ಯೋಳ್ಬುಡು."

ಹೇಳ್ತೀನಿ ಎಂದೆ. ಊಟದ ಹೊತ್ತಾಗಿತ್ತು, ತಟ್ಟೆ ಹಾಕಿದೆ.