ದೊರೆ ಬಂಗಲೆಯ ಪಡುವಣ ಗೋಡೆ

ಗುಬ್ಬಿಯಲ್ಲಿ ಏಳೂವರೆಯ ಬಸ್ಸು ಹತ್ತಿದೆ. ಆಧಾರ್ ತೋರಿಸಿ ಪಡೆದ ಸೊನ್ನೆ ರೂಪಾಯಿ ಟಿಕೆಟ್ಟು ಕೈಯಲ್ಲಿದ್ದರೆ ನನಗಿನ್ನೂ ಕದ್ದು ಕೂತ ಹಾಗೆ ಅನಿಸುತ್ತದೆ. ತುಮಕೂರಿನಲ್ಲಿ ಎರಡು ತಟ್ಟೆ ಇಡ್ಲಿ ತಿಂದೆ. ಮೂರನೆಯದಕ್ಕೆ ಆಸೆಯಿತ್ತು, ಅಷ್ಟರಲ್ಲಿ ಕುಣಿಗಲ್ ಬಸ್ಸು ಹೊರಟಿತು. ಡ್ರಾಯಿಂಗ್ ಟೀಚರಾಗಿ ನಿವೃತ್ತಳಾದ ಮೇಲೆ ಹಳೆಯ ಕಟ್ಟಡಗಳ ಚಿತ್ರ ಬರೆಯುವುದೇ ನನ್ನ ಹುಚ್ಚು. ಹುಲಿಯೂರುದುರ್ಗದ ದಾರಿಯಲ್ಲಿರುವ ದೊರೆ ಬಂಗಲೆಯನ್ನು ಕೆಡವುತ್ತಾರಂತೆ ಎಂದು ಕೇಳಿ, ಅಷ್ಟರೊಳಗೆ ಬರೆದುಕೊಳ್ಳೋಣವೆಂದು ಹೊರಟಿದ್ದೆ.

ಹೆಬ್ಬೂರು ದಾಟಿ, ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ತಲುಪುವಾಗ ಹನ್ನೊಂದಾಗಿತ್ತು. ಮಳೆಗಾಲ ಮುಗಿದು ಹಿತವಾದ ಬಿಸಿಲಿತ್ತು. ಯಾರೋ ಇಂಗ್ಲಿಷ್ ಅಧಿಕಾರಿ ತನ್ನೂರಿನ ಜಮೀನ್ದಾರರ ಮನೆಯನ್ನು ನೆನೆದು ಕಟ್ಟಿಸಿದ ಬಂಗಲೆಯಿದು. ಕಡಿದಾದ ಹೆಂಚಿನ ಸೂರು, ಹೊರಕ್ಕೆ ಉಬ್ಬಿದ ಗಾಜಿನ ಕಿಟಕಿ, ಎರಡು ಹೊಗೆಗೂಡು. ಕುಣಿಗಲ್ ಸೀಮೆಯಲ್ಲಿ ಚಳಿ ಕಾಯಿಸಲು ಒಲೆ ಹಾಕಿಸಿದ ಪುಣ್ಯಾತ್ಮನ ಮೇಲೆ ನನಗೆ ನಗು ಬಂತು. ಕೆಲಸದ ಕೈ ಮಾತ್ರ ನಮ್ಮವರದೇ. ಬಾಗಿಲ ಮೇಲೆ ದೊರೆ ಏನು ಕೇಳಿದ್ದನೋ, ಇವರು ತೆಂಗಿನ ಹೊಂಬಾಳೆ ಮಾಡಿಟ್ಟಿದ್ದಾರೆ.

ಪಡುವಣ ಗೋಡೆಯ ಮುಂದೆ ಗಾರೆ ಕೆಲಸದ ಸಿದ್ದರಾಜು, ಅವರ ಹೆಂಡತಿ ಲಕ್ಷ್ಮಮ್ಮ ಕೂತಿದ್ದರು. ಗೋಡೆಗೆ ಹೊಸ ಗಾರೆಯಾಗಿತ್ತು.

"ಇದನ್ನ ಕೆಡಿಸಿದ್ದು ನಾನೇ ಕಣಮ್ಮ," ಎಂದರು ಸಿದ್ದರಾಜು. "ಗಟ್ಟಿಯಾಗ್ಲಿ ಅಂತ ಸುತ್ತಾ ಸಿಮೆಂಟ್ ಬಳಿದ್ಬುಟ್ಟೆ. ಸುಣ್ಣದ್ ಗೋಡೆ ಬೆವರ್ತದೆ, ಗಾಳಿ ಬೇಕು. ನಮ್ಮಪ್ಪ ಹೇಳ್ಕೊಟ್ಟಿದ್ದ. ನಂಗೆ ಸಿಮೆಂಟ್ ಮೋಹ."

ತೇವ ಒಳಗೇ ಉಳಿದು ಇಟ್ಟಿಗೆ ಉದುರತೊಡಗಿತ್ತು. ಸರ್ಕಾರದ ಎಂಜಿನಿಯರಮ್ಮ ಬಂದು ನೋಡಿ, ಬಂಗಲೆ ಕೆಡವಬೇಕೆಂದು ವರದಿ ಬರೆದರು. ಒಂದು ಗೋಡೆ ಸರಿಮಾಡಿ ತೋರಿಸುತ್ತೇನೆಂದು ಸಿದ್ದರಾಜು ಗೋಗರೆದರು. ಮಳೆಯ ಹೊಡೆತ ಬೀಳುವ ಈ ಪಡುವಣ ಗೋಡೆಯನ್ನೇ ಆಕೆ ಆರಿಸಿದರು. ಮಳೆಗಾಲದ ನಂತರ ಒದ್ದೆಯಿದ್ದರೆ ಬಂಗಲೆ ಇಲ್ಲ ಎಂದರು. ಸಿಮೆಂಟು ಕಿತ್ತು, ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೀರಿನಲ್ಲಿ ಗಂಡ ಹೆಂಡತಿ ಗಾರೆ ಅರೆದಿದ್ದರು. ಆಕೆ ಮತ್ತೆ ಬಂದು ನೋಡುವ ದಿನವೇ ನಾನು ಹೋಗಿದ್ದೆ.

"ರಾತ್ರಿಯೆಲ್ಲ ಗೋಡೆ ಮುಟ್ಟಿ ಮುಟ್ಟಿ ನೋಡವ್ರೆ. ಇವ್ರ ಕೈ ಬೆವ್ರಿಗೇ ಒದ್ದೆಯಾಗ್ತದೆ ಬುಡಿ," ಎಂದು ಲಕ್ಷ್ಮಮ್ಮ ಗಂಡನನ್ನು ಛೇಡಿಸಿದರು. ಅವರು ಮತ್ತೊಮ್ಮೆ ಗೋಡೆ ಮುಟ್ಟಿ ನೋಡಿದರು.

ಮೂರು ಗಂಟೆಗೆ ಎಂಜಿನಿಯರಮ್ಮ ಬಂದರು. ತೇವ ಅಳೆಯುವ ಪುಟ್ಟ ಯಂತ್ರವನ್ನು ಗೋಡೆಯ ಉದ್ದಕ್ಕೂ ಒತ್ತಿದರು. ಆಮೇಲೆ ಬರಿಗೈಯನ್ನೂ ಇಟ್ಟರು. ಸಿದ್ದರಾಜು ನೆಲ ನೋಡುತ್ತಿದ್ದರು. ನನ್ನ ಪೆನ್ಸಿಲ್ಲೂ ನಿಂತಿತ್ತು.

"ಮಿಕ್ಕ ಮೂರು ಗೋಡೆಗೆ ಎಷ್ಟು ದಿನ ಬೇಕು, ಸಿದ್ದರಾಜಣ್ಣ?"

ಲಕ್ಷ್ಮಮ್ಮನೇ ಹೇಳಿದರು: "ಸುಣ್ಣ ಕೊಳೆಯಕ್ಕೇ ತಿಂಗ್ಳು ಬೇಕು ಮೇಡಂ. ಇವತ್ತೇ ನೆನೆಹಾಕ್ತೀವಿ."

ನನಗೆ ಕಣ್ಣು ತುಂಬಿತು. ಐದರ ಬಸ್ಸು ಹತ್ತಿ ತಿರುಗಿ ನೋಡಿದೆ. ಬಡಗಣ ಗೋಡೆಗೆ ಏಣಿ ಒರಗಿತ್ತು. ಸಿದ್ದರಾಜು ತಾವೇ ಬಳಿದ ಸಿಮೆಂಟಿಗೆ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು.