ಪಾಂಡೀಶ್ವರಿಯ ದಾರ, ಜಪಾನಿನ ಕಾರು

ಚಿನ್ನಮನೂರಿನಿಂದ ಮಾರ್ಕಯನ್‌ಕೋಟ್ಟೈಗೆ ಹೋಗುವ ರಸ್ತೆಯಲ್ಲಿ ಪಾಂಡೀಶ್ವರಿಯ ಶೆಡ್ಡು ಇದೆ. ವಾಹನಗಳ ಚಕ್ರ ನೇರ ಮಾಡುವುದು ಅವಳ ಕೆಲಸ. ವಯಸ್ಸು ಐವತ್ತೆರಡು, ಓದು ಎಂಟನೆಯ ತರಗತಿ. ಕಂಪ್ಯೂಟರ್ ಇಲ್ಲ, ನಾಲ್ಕು ಕಬ್ಬಿಣದ ಕಂಬ, ಎರಡು ನೈಲಾನ್ ದಾರ, ಒಂದು ಉಕ್ಕಿನ ಸ್ಕೇಲು. ನನ್ನ ಕಾರಿನ ಮುಂದಿನ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತಿದ್ದವು. ದಿಂಡಿಗಲ್ಲಿನಲ್ಲಿ ಎರಡು ಸಲ ತೋರಿಸಿ ಪ್ರಯೋಜನವಾಗದೆ, ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದೆ.

ಒಳಗೆ ಹಳೆಯ ಜಪಾನಿ ಕಾರೊಂದು ನಿಂತಿತ್ತು. ಎರಡೇ ಸೀಟು, ಎಂಜಿನ್ ಸೀಟುಗಳ ಬೆನ್ನಿಗೆ. ಅದರ ಯಜಮಾನ ತೇನಿಯ ಏಲಕ್ಕಿ ವ್ಯಾಪಾರಿ ಶಿವಬಾಲನ್. ಹಿಂದಿನ ವಾರ ಅವನ ಮಗಳು ಯುವಶ್ರೀ ಮೇಘಮಲೈ ರಸ್ತೆಯ ಆರನೆಯ ತಿರುವಿನಲ್ಲಿ ಅದನ್ನು ಓಡಿಸುತ್ತಿದ್ದಾಗ ಹಿಂಭಾಗ ಜಾರಿ, ಕಾರು ಪೂರ್ತಿ ಒಂದು ಸುತ್ತು ತಿರುಗಿ ತಡೆಗೋಡೆಯ ಪಕ್ಕದಲ್ಲಿ ನಿಂತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಕೀಲಿ ಶಿವಬಾಲನ್ ಜೇಬಿನಲ್ಲಿತ್ತು. ಮುಂದಿನ ತಿಂಗಳು ಕೊಯಮತ್ತೂರಿನ ಟ್ರ್ಯಾಕಿನಲ್ಲಿ ನಡೆಯುವ ಸ್ಪರ್ಧೆಗೆ ಮಗಳು ಹೆಸರು ಕೊಟ್ಟಿದ್ದಳು. ಹೋಗಕೂಡದು ಎಂದು ಅಪ್ಪ ಹೇಳಿಯಾಗಿತ್ತು.

"ಆಕ್ಸಿಲರೇಟರಿಂದ ಕಾಲೆತ್ದೆ, ಅಷ್ಟೇ. ಬ್ರೇಕ್ ಕೂಡ ತುಳೀಲಿಲ್ಲ," ಎಂದಳು ಯುವಶ್ರೀ.

"ಭಯಪಟ್ಟೆ, ಕೈ ತಪ್ತು. ಒಪ್ಕೊಂಡ್ರೆ ಮುಗೀತು," ಎಂದ ಶಿವಬಾಲನ್.

ಅವನೊಂದಿಗೆ ಇಬ್ಬರು ಗೆಳೆಯರು ಬಂದಿದ್ದರು. ಹಳೆಯ ಜಪಾನಿ ಕಾರುಗಳ ಹುಚ್ಚು ಹಿಡಿದವರು. ಭಾನುವಾರ ಸೇರುವುದೇ ವಾದ ಮಾಡುವುದಕ್ಕೆ. ಕಾರ್ತಿಗೆ ಎಂಜಿನ್ ಬಿಟ್ಟು ಬೇರೆ ಏನೂ ಕಾಣುವುದಿಲ್ಲ.

"ಇದ್ರ ಟರ್ಬೊ ಒಂದೇ ಸಲಕ್ಕೆ ಒದೀತೈತೆ. ಹೊಸ ಎಂಜಿನ್ ಹಾಕಿದ್ರೆ ಶಕ್ತಿ ಮೆಲ್ಲಗೆ ಬತ್ತೈತೆ," ಎಂದ.

"ಪುಳ್ಳೆ ಕಾಲೆತ್ದೆ ಅಂತೈತೆ. ಕಾಲೆತ್ತಿದ್ಮೇಲೆ ಎಂಜಿನ್ ಎಲ್ಲಿಂದ ಒದೀತೈತೆ?" ಎಂದ ಇನ್ನೊಬ್ಬ, ವಿಘ್ನೇಶ್ವರನ್, ಯುವಶ್ರೀಯ ಕಡೆ ಕೈ ತೋರಿಸಿ. "ಕಂಪನಿಯವ್ನೇ ಆಮೇಲಿನ ಮಾಡೆಲ್‌ನಾಗೆ ಹಿಂಚಕ್ರ ಹಿಡಿಯೋ ರಾಡು ಬದಲಾಯಿಸ್ದ. ಸುಮ್ನೆ ಬದಲಾಯಿಸ್ತಾನಾ?"

"ನೀ ಓದಿದ್ದೆಲ್ಲ ಫೋನ್‌ನಾಗೆ."

"ನೀನು ಜಪಾನಿಗೆ ಹೋಗಿ ಕಲ್ತ್ಕೊಂಡ್ ಬಂದ್ಯಾ?"

ಪಾಂಡೀಶ್ವರಿ ಇಬ್ಬರನ್ನೂ ಬಿಟ್ಟು ಹುಡುಗಿಯ ಕಡೆ ತಿರುಗಿದಳು. "ಯಾವ ಗೇರು?"

"ಮೂರು, ಅತ್ತೆ."

"ಕಾಲೆತ್ತಿದ್ದು ತಿರುವಿಗೆ ಮುಂಚೇನಾ, ನಡುವೇನಾ?"

"ನಡುವೆ. ಎದ್ರುಗೆ ಬಸ್ ಬಂತು."

"ಅಕ್ಕಾ, ಮಧುರೈನಾಗೆ ಕಂಪ್ಯೂಟರಿಗೆ ಹಾಕಿ ನೋಡಾಯ್ತು," ಎಂದು ಶಿವಬಾಲನ್ ನಡುವೆ ಬಾಯಿ ಹಾಕಿದ. "ಎಲ್ಲ ಸರಿ ಐತೆ ಅಂತ ಕಾಗದ ಕೊಟ್ಟವ್ರೆ."

"ನಿಂತ ವಂಡಿ ಸರಿ ಐತೆ. ನಿಂತ ವಂಡಿ ಯಾರ್ನೂ ಕೊಲ್ಲಲ್ಲ, ಅಣ್ಣೇ."

ಈ ಮಾತು ಅವಳು ಗತ್ತಿಗೆ ಆಡಿದ್ದಲ್ಲ. ಅವಳು ಹುಟ್ಟಿದ್ದು ಓಡೈಪಟ್ಟಿಯ ದ್ರಾಕ್ಷಿ ತೋಟದಲ್ಲಿ. ಚಪ್ಪರಕ್ಕೆ ಕಲ್ಲುಕಂಬದಿಂದ ಕಂಬಕ್ಕೆ ತಂತಿ ಎಳೆಯುವಾಗ ಎಲ್ಲಿ ಓರೆಯಾಗಿದೆ ಎಂದು ಹೇಳಲು ಅವಳಪ್ಪ ಅವಳನ್ನೇ ಕರೆಯುತ್ತಿದ್ದ. ಮುತ್ತಯ್ಯನನ್ನು ಮದುವೆಯಾಗಿ ಈ ಶೆಡ್ಡಿಗೆ ಬಂದಳು. ಬುತ್ತಿ ತಂದವಳು ಒಂದು ದಿನ, ಗಂಡ ಕಟ್ಟಿದ್ದ ದಾರ ಓರೆಯಾಗಿದೆ ಎಂದಳು. ಅಳೆದರೆ ಹೌದು. ಮುತ್ತಯ್ಯ ಪಕ್ಕದ ಲೇತ್ ಯಂತ್ರಕ್ಕೆ ಸರಿದ. ದಾರ ಇವಳ ಕೈಗೆ ಬಂತು. ದ್ರಾಕ್ಷಿ ಸಾಗಿಸುವ ವ್ಯಾನುಗಳನ್ನು ಖಾಲಿ ನಿಲ್ಲಿಸಿ ಚಕ್ರ ನೇರ ಮಾಡಿದರೆ ತಿಂಗಳಲ್ಲಿ ಮತ್ತೆ ಟೈರು ಸವೆದು ಬರುತ್ತಿದ್ದವು. ವ್ಯಾನು ಓಡುವುದು ಹೊರೆ ಹೊತ್ತು, ಅಳೆಯುವುದು ಖಾಲಿ ಇದ್ದಾಗ. ತಪ್ಪು ಎಲ್ಲಿದೆ ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ತಾನೇ ಕಂಡುಕೊಂಡಳು. ಅಂದಿನಿಂದ ಹೊರೆಯಿಲ್ಲದ ಯಾವ ವಾಹನಕ್ಕೂ ಅವಳು ದಾರ ಕಟ್ಟಿಲ್ಲ.

"ನೀವಿಬ್ರೂ ಒಳಗೆ ಕೂತ್ಕೊಂಡು ಜಗಳ ಆಡ್ರಿ," ಎಂದಳು ಕಾರ್ತಿಗೆ ಮತ್ತು ವಿಘ್ನೇಶ್ವರನ್‌ಗೆ. "ತೂಕಕ್ಕಾದ್ರೂ ಆಯ್ತೀರಿ."

ಕೂತರು. ವಾದ ನಿಲ್ಲಲಿಲ್ಲ. ಪ್ರತಿ ಚಕ್ರದ ಕೆಳಗೂ ಎರಡೆರಡು ತಗಡು, ನಡುವೆ ಗ್ರೀಸ್. ಚಕ್ರ ತನಗೆ ಬೇಕಾದ ಕಡೆ ಜರುಗಲಿ ಎಂದು. ಕಾರಿನ ಎರಡೂ ಬದಿಗೆ ದಾರ ಬಿಗಿದಳು. ಹಿಂಚಕ್ರದ ಮುಂದಿನ ಅಂಚು ದಾರದಿಂದ ಎಷ್ಟು ದೂರ, ಹಿಂದಿನ ಅಂಚು ಎಷ್ಟು ದೂರ ಎಂದು ಅಳೆದಳು. ಮುಂದಿನ ಅಂಚು ಎರಡು ಮಿಲಿಮೀಟರ್ ಒಳಗಿತ್ತು. ಚಕ್ರ ಒಳಮುಖ, ಇರಬೇಕಾದ್ದೇ ಹಾಗೆ.

"ಈ ಪುಳ್ಳೆ ಕಾಲೆತ್ತಿದಾಗ ವಂಡಿ ಮುಂದಕ್ಕೆ ಬಗ್ಗೈತೆ, ಹಿಂದುಗಡೆ ಎದ್ದೈತೆ. ಎದ್ದಾಗ ಚಕ್ರ ಎತ್ಲಾಗೆ ನೋಡ್ತೈತೆ, ನೋಡಣ."

ಜಾಕ್ ಇಟ್ಟು, ಚಕ್ರಗಳು ತಗಡನ್ನು ಬಿಡದಂತೆ, ಕಾರಿನ ಹಿಂಭಾಗವನ್ನು ಮೂರು ಬೆರಳು ಎತ್ತಿದಳು. ದಾರ ಅಲ್ಲಾಡಲಿಲ್ಲ. ಅದರ ಪಕ್ಕದಲ್ಲಿ ಚಕ್ರ ನಿಧಾನವಾಗಿ ಮುಖ ತಿರುಗಿಸಿತು. ಮೊದಲು ನೇರವಾಯಿತು, ಆಮೇಲೆ ಮುಂದಿನ ಅಂಚು ದಾರದ ಕಡೆಗೆ ಬಂತು. ಮೂರು ಮಿಲಿಮೀಟರ್ ಹೊರಕ್ಕೆ. ಇನ್ನೊಂದು ಚಕ್ರವೂ ಹಾಗೆಯೇ. ತಿರುವಿನಲ್ಲಿ ಹಿಂಚಕ್ರ ಹೊರಕ್ಕೆ ನೋಡಿದರೆ ಕಾರಿನ ಹಿಂಭಾಗವೂ ಹೊರಕ್ಕೇ ಜಾರುತ್ತದೆ.

ಒಳಗೆ ಕೂತವರಿಬ್ಬರೂ ಕಿಟಕಿಯಿಂದ ತಲೆ ಹೊರಹಾಕಿ ದಾರ ನೋಡಿದರು. ಒಂದು ಟನ್ನಿಗೂ ಹೆಚ್ಚು ತೂಕದ ಯಂತ್ರ ತನ್ನ ತಪ್ಪನ್ನು ಐದು ಮಿಲಿಮೀಟರಿನಲ್ಲಿ ಒಪ್ಪಿಕೊಂಡಿತ್ತು. ನಾನು ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ್ದೇನೆ. ಅಷ್ಟು ಸ್ವಚ್ಛವಾದ ಪ್ರಯೋಗವನ್ನು ಒಂದು ಸಲವೂ ಮಾಡಿ ತೋರಿಸಿರಲಿಲ್ಲ.

"ಅದನ್ನೇ ಕಂಪನಿಯವ್ನು ತಿದ್ದಿದ್ದು," ಎಂದ ವಿಘ್ನೇಶ್ವರನ್, ಬಹಳ ಮೆಲ್ಲಗೆ. "ಆ ರಾಡು ಜಪಾನಿಂದ ಬರಕ್ಕೆ ಮೂರ್ ತಿಂಗ್ಳು."

ಪಾಂಡೀಶ್ವರಿ ಕಾರಿನಡಿ ಮಲಗಿ ಟಾರ್ಚ್ ಹಾಕಿ ನೋಡಿದಳು. ಚಕ್ರವನ್ನು ಹಿಡಿದಿದ್ದ ಎರಡು ರಾಡುಗಳಲ್ಲಿ ಒಂದು ಮೇಲ್ಮುಖವಾಗಿತ್ತು, ಒಂದು ಕೆಳಮುಖವಾಗಿತ್ತು. "ಉಯ್ಯಾಲೆಗೆ ಎರಡು ಹಗ್ಗ ಒಂದೇ ಸಮ ಇಲ್ದಿದ್ರೆ, ನೇರಕ್ಕೆ ತಳ್ಳಿದ್ರೂ ಹಲಗೆ ತಿರುಗ್ತೈತೆ," ಎಂದಳು ಅಲ್ಲಿಂದಲೇ. "ಎಂಟು ಮಿಲಿಮೀಟರ್ ಬಿಲ್ಲೆ ಎರಡು ಕಡೀರಿ."

ಮುತ್ತಯ್ಯ ಲೇತಿನಲ್ಲಿ ಬಿಲ್ಲೆ ಕಡೆದು ಕೊಟ್ಟ. ಎರಡು ರಾಡು ಸಮವಾಗಲೆಂದು, ಒಂದು ರಾಡಿನ ತುದಿ ಕೂರುವ ಕಡೆ ಅವನ್ನು ಇಟ್ಟು, ಮತ್ತೆ ಎತ್ತಿ ಅಳೆದಳು. ಸಾಲದು. ಹತ್ತು ಮಿಲಿಮೀಟರ್. ಹೆಚ್ಚಾಯಿತು. ಒಂಬತ್ತೂವರೆ. ಈ ಸಲ ಹಿಂಭಾಗ ಮೂರು ಬೆರಳು ಎದ್ದರೂ ಚಕ್ರ ಎರಡು ಕೂದಲೆಳೆಯಷ್ಟೂ ತಿರುಗಲಿಲ್ಲ.

ಶಿವಬಾಲನ್ ಸ್ಕೇಲನ್ನು ತಾನೇ ಹಿಡಿದು ಎರಡು ಸಲ ನೋಡಿದ. ಮಗಳ ಮುಖ ನೋಡಲಿಲ್ಲ. ಜೇಬಿನಿಂದ ಕೀಲಿ ತೆಗೆದು ಅವಳ ಕಡೆ ಚಾಚಿ, ಗೆಳೆಯರು ಇಳಿದ ಮೇಲೆ ತಾನು ಎಡಗಡೆಯ ಬಾಗಿಲು ತೆರೆದು ಕೂತ.

ಮುಕ್ಕಾಲು ಗಂಟೆಯ ಮೇಲೆ ಫೋನ್ ಬಂತು. ಆಗ ಪಾಂಡೀಶ್ವರಿ ನನ್ನ ಕಾರಿಗೆ ದಾರ ಕಟ್ಟುತ್ತಿದ್ದಳು. ಗ್ರೀಸ್ ಕೈಯಲ್ಲೇ ಸ್ಪೀಕರ್ ಒತ್ತಿದಳು.

"ಅಕ್ಕಾ, ಅದೇ ತಿರುವು. ವಂಡಿ ಸೂಪರಾಗೈತೆ..." ಶಿವಬಾಲನ್ ದನಿ.

"ಓಡಿಸ್ದವಳ ಕೈಗೆ ಕೊಡ್ರಿ, ಅಣ್ಣೇ."

ಯುವಶ್ರೀ ಬಂದಳು. "ಮೂರ್ನೇ ಗೇರು, ಅತ್ತೆ. ನಡುವೇನೆ ಕಾಲೆತ್ದೆ. ಹಿಂದುಗಡೆ ಜಾರ್ದೆ ಕೂಡೇ ಬಂತು."

"ಎಷ್ಟು ಸಲ ಎತ್ದೆ?"

"ಒಂದೇ ಸಲ."

"ಒಂದು ಸಲ ಸಾಲಲ್ಲ. ಇನ್ನೂ ಎರಡ್ ಸಲ ಎತ್ತಿ ನೋಡು. ಎದ್ರುಗೆ ವಂಡಿ ಇಲ್ದಾಗ."

"ಇನ್ನೂ ಎರಡ್ ಸಲವಾ?" ಎಂದು ಅಪ್ಪ ಕೇಳಿದ್ದು ದೂರದಿಂದ ಕೇಳಿಸಿತು. ಎಂಜಿನ್ ಶುರುವಾಯಿತು.