ಗಾಡಿಯ ಅರಿಶಿನ

ಇವತ್ತು ಬೆಳಿಗ್ಗೆ ಅರಿಶಿನದ ಬಾಟಲಿ ನನ್ನ ಕೈಯಿಂದ ಜಾರಿ, ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಯ ಅಂಚಿಗೆ ಬಡಿದು ಒಡೆಯಿತು. ಅರ್ಧ ಅರಿಶಿನ ನೀರಿಗೆ, ಇನ್ನರ್ಧ ಕಟ್ಟೆಗೆ, ನೆಲಕ್ಕೆ. ಮುಚ್ಚಳ ಮಾತ್ರ ಉರುಳಿಕೊಂಡು ಹೋಗಿ ಫ್ರಿಜ್ಜಿನ ಕೆಳಗೆ ಸೇರಿತು. ಬಿಸಿ ಹಬೆಯಲ್ಲಿ ಅರಿಶಿನದ ವಾಸನೆ ಎದ್ದಾಗ ಬೇರೆಯವರಿಗೆ ಮದುವೆಮನೆಯೋ ಬಾಣಂತಿಯ ಕೋಣೆಯೋ ನೆನಪಾದೀತು. ಫ್ರ್ಯಾಂಕ್ಲಿ, ನನಗೆ ನೆನಪಾಗುವುದು ಕಾರಿನ ರೇಡಿಯೇಟರ್. ಅದರ ಬೆನ್ನಿಗೇ ಖಜೂರಿ ರಸ್ತೆಯ ಗ್ಯಾರೇಜಿನ ಮಿಸ್ತ್ರಿ.

ಪೊರಕೆಯ ಹಿಡಿಯಿಂದ ಮುಚ್ಚಳವನ್ನು ಎಳೆದುಕೊಂಡೆ. ಅದರ ಮೇಲೆ ಲಾರಿಗಳಿಗೆ ಬಳಿಯುವ ಕೆಂಪು ಪೇಂಟಿನಲ್ಲಿ ‘ಗಾಡಿದು’ ಎಂದು ಬರೆದಿದೆ. ಬರೆದವನು ಅವನೇ. ಅಕ್ಷರ ಇನ್ನೂ ಅಳಿಸಿಲ್ಲ...

ಆಗ ನಾನು ಹೈಸ್ಕೂಲುಗಳ ಇಂಗ್ಲಿಷ್ ಸಬ್ಜೆಕ್ಟ್ ಇನ್‌ಸ್ಪೆಕ್ಟರ್. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕು ನನ್ನ ಪಾಲಿಗೆ ಬಂದಿದ್ದವು. ಮನೆ ಇದೇ ಆಳಂದದಲ್ಲಿ; ಇವರು, ಅಂದರೆ ನನ್ನ ಯಜಮಾನರು, ಇಲ್ಲಿಯ ಕಾಲೇಜಿನಲ್ಲಿ ಲೆಕ್ಚರರ್. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಅವರ ಮೈ ಒರೆಸಿ, ಸೀರೆ ಬದಲಿಸಿ, ಪಲ್ಯ, ಬೇಳೆ, ರೊಟ್ಟಿ ಮಾಡಿ, ಮೂವರ ಬುತ್ತಿ ಕಟ್ಟಿ, ಜೋಳದ ಚೀಲವನ್ನು ಗಿರಣಿಗೆ ಹಾಕಲೆಂದು ಡಿಕ್ಕಿಯಲ್ಲಿಟ್ಟು, ಅದರ ಪಕ್ಕದಲ್ಲೇ ಇನ್‌ಸ್ಪೆಕ್ಷನ್ ರಿಜಿಸ್ಟರುಗಳನ್ನಿಟ್ಟು ಹೊರಡುತ್ತಿದ್ದೆ. ಎಷ್ಟೋ ಶಾಲೆಗಳಲ್ಲಿ ನಾನು ತೆರೆದ ರಿಜಿಸ್ಟರಿನಿಂದ ಜೋಳದ ಹಿಟ್ಟು ಉದುರಿದ್ದುಂಟು.

ಕಾರು ನನ್ನ ಅಪ್ಪನದು. ನನ್ನ ಕೈಗೆ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ವೈಪರ್ ತನಗೆ ಬೇಕಾದಾಗ ಓಡುತ್ತಿತ್ತು, ರೇಡಿಯೇಟರ್ ಸೋರುತ್ತಿತ್ತು. ಆದರೆ ಅದಿಲ್ಲದೆ ನನ್ನ ನೌಕರಿ ಇರಲಿಲ್ಲ. ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು ಸಂಜೆ ಆರಕ್ಕೆ ಹೊರಟುಬಿಡುತ್ತಿದ್ದಳು. ಜೇವರ್ಗಿಯ ಆಚೆಗಿನ ಶಾಲೆಗೆ ಹೋಗಿ ಬಸ್ಸು ಬದಲಿಸುತ್ತ ಬಂದರೆ ಮನೆ ಸೇರುವಾಗ ಎಂಟು ದಾಟುತ್ತಿತ್ತು. ಹೊಸ ಕಾರಿನ ಮಾತೇ ಇರಲಿಲ್ಲ.

ಒಂದು ಭಾನುವಾರ ಇವರು ನನ್ನನ್ನು ಕೂರಿಸಿಕೊಂಡು ಹೇಳಿದರು: “ನೋಡು, ಕಾರ್ ನಡಿಯೋತನಕ ನೌಕರಿ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಅದು ದಾರ್‍ಯಾಗ ನಿಂತ ದಿನ ಮಾತ್ರ ರಾಜೀನಾಮಿ ಬರೀಬೇಕು. ಅವ್ವನ್ನ ಒಬ್ಬಾಕಿನ್ನ ಬಿಟ್ಟು ಆಗೂದಿಲ್ಲ.”

ಟು ಬಿ ಫೇರ್, ಇವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ಒಪ್ಪಿದೆ. ಹೀಗಾಗಿ ನನ್ನ ನೌಕರಿ ಆ ರೇಡಿಯೇಟರಿನ ಮೇಲೆ ನಿಂತಿತು.

ಆ ಕೆಲಸ ನನಗೆ ಬೇಕಿತ್ತು. ನಾನು ಶಾಲೆಗೆ ಹೋದರೆ ಮೊದಲು ಮಾಡುತ್ತಿದ್ದದ್ದು ಹಿಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ ಇಂಗ್ಲಿಷಿನಲ್ಲಿ ಅವಳ ಹೆಸರು, ಊರು, ಅವಳಿಗೆ ಇಷ್ಟವಾದ ಊಟ ಕೇಳುವುದು. ನಾಲ್ಕು ವಾಕ್ಯ, ಅಷ್ಟೆ. ತಪ್ಪಾದರೂ ಸರಿ, ನಿಂತು ಹೇಳಬೇಕು. ಹೇಳಿ ಕೂತ ಮೇಲೆ ಆ ಮುಖಗಳು ಹೇಗಿರುತ್ತಿದ್ದವು ಎಂದು ಬರೆಯಲು ನನಗೆ ಬಾರದು.

ಮಿಸ್ತ್ರಿಯ ಗ್ಯಾರೇಜು ಖಜೂರಿ ರಸ್ತೆಯಲ್ಲಿ, ಬೇವಿನ ಗಿಡದ ಕೆಳಗೆ ಒಂದು ತಗಡಿನ ಶೆಡ್ಡು. ಒಳಗೆ ಬುದ್ಧನ ಕ್ಯಾಲೆಂಡರು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಪಾನಾ, ಸ್ಪ್ಯಾನರುಗಳು. ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳೇ ಅವನಿಗೆ ಹೆಚ್ಚು. ಅವುಗಳ ನಡುವೆ ನನ್ನ ಕಾರು ನಿಂತರೆ ಎಮ್ಮೆಗಳ ನಡುವೆ ಮೇಕೆ ನಿಂತಂತೆ ಕಾಣುತ್ತಿತ್ತು. ನಾಲ್ಕೈದು ಜನ ಲೆಕ್ಚರರುಗಳ ಸ್ಕೂಟರೂ ಅಲ್ಲಿಗೇ ಬರುತ್ತಿದ್ದವು. ಅದು ಅವನಿಗೆ ಹೆಮ್ಮೆ. ಅವನ್ನು ಶೆಡ್ಡಿನ ಮುಂದೆ, ರಸ್ತೆಗೆ ಕಾಣುವಂತೆ ಸಾಲಾಗಿ ನಿಲ್ಲಿಸುತ್ತಿದ್ದ.

ಅರಿಶಿನದ ಉಪಾಯ ಅವನದೇ. ರೇಡಿಯೇಟರ್ ಸೋರತೊಡಗಿದಾಗ ತನ್ನ ಮನೆಯಿಂದ ಒಂದು ಪೊಟ್ಟಣ ತಂದು ಒಂದು ಚಮಚ ಒಳಗೆ ಹಾಕಿದ. ನಾನು ಬೆರಗಾಗಿ ನೋಡುತ್ತಿದ್ದೆ.

“ಸಣ್ಣ ತೂತಿಗಿ ಅರಿಷಿಣ ಹೋಗಿ ಕೂಡ್ತದ್ರಿ ಬಾಯಾರ. ಕೈ ಕೊಯ್ಕೊಂಡ್ರ ಹಚ್ಕೋತೀವಲ್ಲ, ಹಂಗ. ಡ್ಯಾಶ್‌ಬೋರ್ಡಿನ್ಯಾಗ ಒಂದ್ ಪುಡಿಕಿ ಇಟ್ಕೊಳ್ರಿ. ಬಿಸಿ ತೋರ್ಸೂ ಮುಳ್ಳು ಮ್ಯಾಲೇರಿದ್ರ ಗಾಡಿ ನಿಲ್ಲಿಸ್ರಿ, ತಣ್ಣಗಾಗ್ಲಿ, ಒಂದ್ ಚಮಚ ಹಾಕ್ರಿ, ನೀರ್ ಹಾಕ್ರಿ, ನಡೀರಿ.”

ಹಾಗೆ ಎರಡು ವರ್ಷ ನಡೆಯಿತು. ಅರಿಶಿನ ಮುಗಿದಾಗ ಅಡುಗೆಮನೆಯ ಡಬ್ಬಿಯಿಂದ ಪುಡಿಕೆ ಕಟ್ಟಿಕೊಳ್ಳುತ್ತಿದ್ದೆ.

ಆ ದಿನ ಅಫಜಲಪುರ ತಾಲೂಕಿನ ಶಾಲೆ, ಹವಳಗಾದ ಆಚೆ. ಬೆಳಿಗ್ಗೆಯೇ ಎಲ್ಲ ತಲೆಕೆಳಗಾಗಿತ್ತು. ಅತ್ತೆ ಗಂಜಿ ಚೆಲ್ಲಿಕೊಂಡಿದ್ದರು, ಕುಕ್ಕರಿನ ಗ್ಯಾಸ್ಕೆಟ್ ಹರಿದಿತ್ತು, ಇವರ ಷರಟಿಗೆ ಇಸ್ತ್ರಿ ಇರಲಿಲ್ಲ. ಪುಡಿಕೆ ಖಾಲಿಯಾದದ್ದು ನೆನಪಾಗಿ, ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೇ ಇನ್ನೊಂದು ಕೈಯಲ್ಲಿ ಡಬ್ಬಿ ತೆಗೆದು ಹಳದಿ ಹಿಟ್ಟನ್ನು ಕಾಗದಕ್ಕೆ ಸುರಿದುಕೊಂಡು ಓಡಿದೆ.

ಕಬ್ಬಿನ ಹಂಗಾಮು. ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ತೆವಳುತ್ತ ಹೋಗುವಷ್ಟರಲ್ಲಿ ಮುಳ್ಳು ಮೇಲೇರಿತು. ನಿಲ್ಲಿಸಿ, ಬಾನೆಟ್ ಎತ್ತಿ, ತಣ್ಣಗಾಗಲು ಬಿಟ್ಟು, ಚೆನ್ನಾಗಿಯೇ ಕೂಡಲಿ ಎಂದು ಪುಡಿಕೆಯನ್ನೆಲ್ಲ ಸುರಿದೆ. ಶಾಲೆ ಮುಟ್ಟುವಾಗ ಹಸಿವಾಗುವಂಥ ಒಂದು ವಾಸನೆ ಬರುತ್ತಿತ್ತು. ಯಾರ ಮನೆಯಲ್ಲೋ ಒಳ್ಳೆಯ ಅಡುಗೆ ಎಂದುಕೊಂಡೆ.

ಮಧ್ಯಾಹ್ನ ಹಿಂದಿರುಗುವಾಗ ಚೌಡಾಪುರದಲ್ಲಿ ಕಾರು ಒಮ್ಮೆ ಕೆಮ್ಮಿ, ಹೊಗೆಯಾಡಿ ನಿಂತಿತು. ಚಹಾದಂಗಡಿಯ ಮುಂದೆಯೇ. ಆಗ ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಎಸ್‌ಟಿಡಿ ಬೂತಿನಿಂದ ಗ್ಯಾರೇಜಿನ ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಮಾಡಿದೆ. ಗೋಣಿತಟ್ಟಿನಲ್ಲಿ ಸಾಮಾನು ಸುತ್ತಿಕೊಂಡು, ಯಾರದೋ ಮೋಟಾರ್‌ಸೈಕಲ್ ಕೇಳಿ ತಂದು ಮಿಸ್ತ್ರಿ ಬಂದ. ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಬಗ್ಗಿ ನೋಡಿದ. ಮೂಸಿದ.

“ಬಾಯಾರ, ಬುತ್ತ್ಯಾಗ ರೊಟ್ಟಿ ಉಳದಾವೇನ್ರಿ?”

“ಯಾಕ ಮಿಸ್ತ್ರಿ, ಹಸದಿ ಏನು?”

“ಇಲ್ರಿ. ಇಲ್ಲಿ ಝುಣಕಾ ತಯಾರಾಗ್ಯಾದ. ಒಗ್ಗರಣಿ ಒಂದ್ ಕಮ್ಮಿ ನೋಡ್ರಿ.”

ಕಡಲೆಹಿಟ್ಟು. ನಾನು ಕಟ್ಟಿಕೊಂಡು ಬಂದದ್ದು ಝುಣಕಾ ಮಾಡುವ ಕಡಲೆಹಿಟ್ಟು.

ಚಹಾದಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಏ ಮಿಸ್ತ್ರಿ, ನಮ್ಗೂ ಒಂದ್ ಪ್ಲೇಟ್ ಹಚ್ಚಪಾ!”

“ಹಚ್ತೇನಿ, ನೀ ಉಳ್ಳಾಗಡ್ಡಿ ಹೆಚ್ಚಲೇ ಮೊದ್ಲ!”

ನನಗೆ ನಗು ಬರಲಿಲ್ಲ. ನಾನು ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ನಲವತ್ತೇಳು ವರ್ಷದ ಇನ್‌ಸ್ಪೆಕ್ಟರ್ ಮೇಡಂ, ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಮನೆಯ ಒಪ್ಪಂದವನ್ನು ಅವನಿಗೆ ಹೇಳಿಬಿಟ್ಟೆ. ಇವತ್ತು ಕಾರು ತನ್ನ ಕಾಲ ಮೇಲೆ ಮನೆಗೆ ಹೋಗದಿದ್ದರೆ ನಾಳೆಯಿಂದ ನನಗೆ ನೌಕರಿ ಇಲ್ಲ ಎಂದೆ.

ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ, “ನನ್ ಮಗಳ ಸಾಲಿಗಿ ಹ್ವಾದ ವರ್ಷ ನೀವು ಬಂದಿದ್ರಿ,” ಎಂದ. “ಎದ್ದು ನಿಂತು ಇಂಗ್ಲಿಷ್‌ನ್ಯಾಗ ಹೆಸರ್ ಹೇಳಿದೆ ಅಂತ ಎಂಟ್ ದಿನ ಮನ್ಯಾಗ ಅದೇ ಮಾತು. ಇಷ್ಟ್ ಹಿಟ್ಟಿಗಿ ನೌಕರಿ ಬಿಡ್ತೀರೇನ್ರಿ? ಏಳ್ರಿ, ಕೊಡಾ ಹಿಡೀರಿ.”

ಚಹಾದಂಗಡಿಯ ಒಲೆಯ ಮೇಲೆ ವಾಷಿಂಗ್ ಸೋಡಾ ಹಾಕಿ ನೀರು ಕಾಯಿಸಿದ. ಕೆಳಗಿನ ಪೈಪು ಕಳಚಿದ. ಮೇಲಿನಿಂದ ನಾನು ಸುರಿದೆ, ಕೆಳಗಿನಿಂದ ಹಳದಿ ಗಂಟುಗಳು ಬಿದ್ದವು. ನಾಯಿಯೊಂದು ಬಂದು ಮೂಸಿ, ಗ್ರೀಸು ಮೆತ್ತಿದ ಝುಣಕವನ್ನು ಒಲ್ಲೆನೆಂದು ಹೋಯಿತು. ತಂತಿಯಿಂದ ಕೆದಕಿದ, ಊದಿದ, ಮತ್ತೆ ಸುರಿಸಿದ. ಥರ್ಮೋಸ್ಟಾಟ್ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡ. ಎಷ್ಟು ಕೊಡ ನೀರು ಹೊತ್ತೆನೋ... ಕೊನೆಗೆ ಎಂಜಿನ್ ಹಿಡಿಯಿತು. ಮೋಟಾರ್‌ಸೈಕಲನ್ನು ಅಂಗಡಿಯಲ್ಲೇ ಬಿಟ್ಟು, ಎರಡು ಕ್ಯಾನು ನೀರು ಕಾಲಬಳಿ ಇಟ್ಟುಕೊಂಡು ಅವನು ನನ್ನ ಪಕ್ಕದಲ್ಲಿ ಕುಳಿತ. ಅಲ್ಲಲ್ಲಿ ನಿಲ್ಲಿಸಿ ನೀರು ಕುಡಿಸುತ್ತ ಆಳಂದ ಮುಟ್ಟಿದೆವು.

ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಇವರು ಗೇಟಿನಲ್ಲಿ ನಿಂತಿದ್ದರು. “ನಿಂತ್ತಲ್ಲ? ನಾ ಏನ್ ಹೇಳಿದ್ದೆ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಇಳಿದು ಹೇಳಿದ: “ತಪ್ಪು ನಂದ್ರಿ ಸರ್. ಹ್ವಾದ ವಾರ ನಾನೇ ಪೈಪಿನ ಕ್ಲಿಪ್ ಬಿಗಿ ಮಾಡೂದು ಮರ್ತಿದ್ದೆ. ಅದಕ್ಕ ನೀರೆಲ್ಲ ಹೋಗ್ಯಾವ. ಬಾಯಾರ್ದೂ ಏನಿಲ್ಲ, ಗಾಡೀದೂ ಏನಿಲ್ಲ. ಗಾಡಿ ಇನ್ನ ಹತ್ ವರ್ಷ ನಡೀತದ.”

“ನಂಬಿ ಗಾಡಿ ಕೊಟ್ರ ಹಿಂಗೇನಪಾ? ಹೆಣ್ಮಗಳು ಒಬ್ಬಾಕಿನ ದಾರ್‍ಯಾಗ ನಿಂತ್ರ ಗತಿ ಏನು?”

“ತಪ್ಪಾತ್ರಿ ಸರ್.”

ತಲೆ ತಗ್ಗಿಸಿ ನಿಂತಿದ್ದ. ಮೊಳಕೈತನಕ ಕಡಲೆಹಿಟ್ಟು ಒಣಗಿತ್ತು; ಕತ್ತಲಲ್ಲಿ ಇವರಿಗೆ ಕಾಣಲಿಲ್ಲ. ನಾನು ಒಳಗೆ ಹೋಗಿ ಅತ್ತೆಗೆ ಹಾಲು ಬಿಸಿ ಮಾಡಿದೆ.

ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು, ಬಾಯಿಬಿಟ್ಟು ಹೇಳುವ ಸುಳ್ಳಿನಷ್ಟೇ ದೊಡ್ಡದು ಸುಮ್ಮನಿದ್ದು ಹೇಳುವ ಸುಳ್ಳು ಎಂದು. ಸಿನ್ ಆಫ್ ಓಮಿಷನ್. ಪರೀಕ್ಷೆಯಲ್ಲಿ ಅದಕ್ಕೆ ನನಗೆ ಫುಲ್ ಮಾರ್ಕ್ಸ್ ಬಂದಿತ್ತು.

ನನ್ನ ನೌಕರಿ ಉಳಿಯಿತು. ಆದರೆ ಇವರು ಸ್ಟಾಫ್ ರೂಮಿನಲ್ಲಿ ಮಾತಾಡಿದರು. ಕ್ಲಿಪ್ ಬಿಗಿ ಮಾಡಲು ಬಾರದ ಮಿಸ್ತ್ರಿ ಎಂದರು. ಒಂದೆರಡು ತಿಂಗಳಲ್ಲಿ ಶೆಡ್ಡಿನ ಮುಂದಿನ ಸ್ಕೂಟರುಗಳು ಒಂದೊಂದಾಗಿ ಕಡಿಮೆಯಾದವು. ಲಾರಿಗಳಿದ್ದವು, ಅವನ ಹೊಟ್ಟೆಗೆ ಕಮ್ಮಿಯಾಗಲಿಲ್ಲ. ಆ ಜಾಗ ಮಾತ್ರ ಖಾಲಿ. ಅಲ್ಲಿ ಬೇವಿನ ಎಲೆ ಬಿದ್ದಿರುತ್ತಿತ್ತು.

“ಮಿಸ್ತ್ರಿ, ಸರ್‌ಗೆ ಖರೆ ಹೇಳಿಬಿಡ್ತೇನಿ,” ಎಂದೆ ಒಮ್ಮೆ.

“ಹೇಳಿ ಏನ್ ಮಾಡ್ತೀರ್ರಿ? ಕಾರ್ ನಡ್ಯಾಕತ್ತದಲ್ಲ,” ಎಂದ. ಒಳಗಿನಿಂದ ಒಂದು ಜಾಮಿನ ಬಾಟಲಿ ತಂದುಕೊಟ್ಟ. ತುಂಬ ಅರಿಶಿನ, ಮುಚ್ಚಳದ ಮೇಲಿನ ಪೇಂಟು ಇನ್ನೂ ಹಸಿ. “ಇದು ಗಾಡೀದು. ಅಡಗಿ ಮನ್ಯಾಗ ಒಯ್ದ್ ಇಡಬ್ಯಾಡ್ರಿ. ಮತ್ತ್ ನೀವು ಇಲ್ಲಿ ಭಜಿ ಕರೀತೀರಿ.”

ನಕ್ಕೆವು. ಆ ನಗುವಿನಲ್ಲೇ ಮಾತು ಮುಗಿಯಿತು. ಅಷ್ಟು ಸುಲಭವಾಗಿ ಮುಗಿದದ್ದು ನನಗೆ ಹಿತವಾಗಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅತ್ತೆ ತೀರಿಕೊಂಡರು. ಆಮೇಲೂ ನಾನು ಹೇಳಲಿಲ್ಲ. ಆಗ ಹೇಳಿದ್ದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಪೂರ್ತಿ ಸರ್ವಿಸ್ ಮುಗಿಸಿ ರಿಟೈರ್ ಆದೆ. ಕಾರು ಗುಜರಿಗೆ ಹೋಯಿತು, ಬಾಟಲಿ ಅಡುಗೆಮನೆಗೆ ಬಂತು. ಮಿಸ್ತ್ರಿ ಹೋದ ಸುದ್ದಿ ಕಿರಾಣಿ ಅಂಗಡಿಯವರಿಂದ ತಿಳಿದದ್ದು ಅವನು ತೀರಿ ತಿಂಗಳಾದ ಮೇಲೆ. ಈಗ ಯಾವ ಮುಖದಿಂದ ಹೋಗುವುದು ಎಂದು ಆಗಲೂ ಸುಮ್ಮನಿದ್ದೆ...

ಇವತ್ತು ಗಾಜು ಒಡೆದ ಸದ್ದಿಗೆ ಇವರು ಕೋಲೂರಿಕೊಂಡು ಬಾಗಿಲಿಗೆ ಬಂದರು. ಮುಚ್ಚಳ ನನ್ನ ಕೈಯಲ್ಲಿತ್ತು. ಯಾಕೋ, ನೆಲ ಒರೆಸುತ್ತಲೇ ಎಲ್ಲ ಹೇಳಿದೆ. ಝುಣಕದ ಮಾತಿಗೆ ಇವರು ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ನಗು ನಿಂತಿತು.

“ಹಂಗಾದ್ರ ನಾ ಸ್ಟಾಫ್ ರೂಮಿನ್ಯಾಗ ಹೇಳಿದ್ದು?”

ನಾನು ಮುಚ್ಚಳವನ್ನು ಕಟ್ಟೆಯ ಮೇಲಿಟ್ಟೆ. ಇವರು ಕುರ್ಚಿಯಲ್ಲಿ ಕುಳಿತು ಬೆರಳು ಮಡಿಚಿದರು. ಅಂದು ಕೇಳಿಸಿಕೊಂಡವರು ಐವರು. ನಾಲ್ವರು ಈಗಿಲ್ಲ. ಉಳಿದವರು ಕೆಮಿಸ್ಟ್ರಿಯವರು, ಜೇವರ್ಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಇವರು ಅವರಿಗೇ ಫೋನ್ ಮಾಡಿದರು. ಇವರಿಗೆ ಕಿವಿ ಮಂದ. ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು.

“ಆ ಖಜೂರಿ ರೋಡಿನ ಮಿಸ್ತ್ರಿದು ಏನೂ ತಪ್ಪಿದ್ದಿಲ್ರಿ ಸರ್. ಕ್ಲಿಪ್ಪಿಂದು ಸುಳ್ಳು. ಅಂವ ಕೆಲಸದಾಗ ಭಾಳ ಚೊಕ್ಕಿದ್ದ. ನಾ ತಪ್ಪು ಹೇಳಿದ್ದೆ. ಅದನ್ನ ಹೇಳ್ಬೇಕಂತ ಫೋನ್ ಮಾಡೀನಿ.”

ಆ ಕಡೆ ಟಿವಿಯ ದನಿ ಕೇಳುತ್ತಿತ್ತು.

“ಯಾವ ಮಿಸ್ತ್ರಿ?” ಎಂದರು ಅವರು.